ಕಾರ್ಪೆಟ್ ಅಡಿಯ ಹಲಗೆಗಳು ಕಿರುಗುಟ್ಟುವುದನ್ನು ನಿಲ್ಲಿಸಿದ ಬಗೆ

ಬದಿಯಡ್ಕ ಕಡೆಯ ನಮ್ಮ ಹಳೆಯ ಹಂಚಿನ ಮನೆಯಲ್ಲಿ ಉಪ್ಪರಿಗೆಯ ನೆಲವೆಂದರೆ ಮರದ ಜಂತಿಗಳ ಮೇಲೆ ಮೊಳೆ ಹೊಡೆದು ಕೂರಿಸಿದ ಹಲಗೆಗಳು. ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಸಿದ ಮಾತ್ರಕ್ಕೆ ಅವುಗಳ ಕಿರುಗುಟ್ಟುವಿಕೆ ನಿಲ್ಲಲಿಲ್ಲ. ಸದ್ದು ಹುಟ್ಟುವ ಜಾಗ ಮರೆಯಾಯಿತು, ಅಷ್ಟೆ.

ಮಳೆಗಾಲದಲ್ಲಿ ತೇವ ಹೀರಿ ಉಬ್ಬುವ, ಬೇಸಿಗೆಯಲ್ಲಿ ಒಣಗಿ ಕುಗ್ಗುವ ಮರವು ವರ್ಷ ಕಳೆದಂತೆ ಮೊಳೆಯ ಹಿಡಿತವನ್ನು ಸಡಿಲಿಸುತ್ತದೆ. ಆಮೇಲೆ ಕಾಲಿಟ್ಟಾಗಲೆಲ್ಲ ಕೂದಲೆಳೆಯಷ್ಟು ಇಳಿದು ಏಳುವ ಹಲಗೆಯು ಮೊಳೆಗೋ, ಜಂತಿಗೋ, ಪಕ್ಕದ ಹಲಗೆಗೋ ಉಜ್ಜಿ ಸದ್ದು ಮಾಡುತ್ತದೆ. ಸಂದುಗಳು ಬಿಟ್ಟುಕೊಂಡು ಸದ್ದು ಸ್ಪಷ್ಟವಾಗಿ ಕೇಳಿಸುವುದು ಬೇಸಿಗೆಯಲ್ಲಾದುದರಿಂದ ಕೆಲಸವನ್ನು ಮಾರ್ಚ್ ತಿಂಗಳಿಗೆ ಇಟ್ಟುಕೊಂಡೆ. ಭಾವ ಮೇಲೆ ನಡೆದಾಡಿದರು. ನಾನು ಕೆಳಗೆ ಏಣಿಯ ಮೇಲೆ ನಿಂತು, ಸದ್ದು ಬಂದಲ್ಲೆಲ್ಲ ಜಂತಿಗೆ ಸೀಮೆಸುಣ್ಣದ ಗುರುತು ಹಾಕಿದೆ.

ಕೆಳಗಿನಿಂದ ಜಂತಿ ಕಾಣುವ ಕಡೆ ಕಾರ್ಪೆಟ್ ಮುಟ್ಟುವ ಅಗತ್ಯವೇ ಇಲ್ಲ. ಜಂತಿಗೂ ಹಲಗೆಗೂ ನಡುವೆ ಸಂದು ಕಂಡಲ್ಲಿ ತೆಳುವಾದ ಮರದ ಬೆಣೆಗೆ ಅಂಟು ಸವರಿ, ಕೈಯಿಂದಲೇ ತಳ್ಳಿ, ಕೊನೆಗೆ ಸುತ್ತಿಗೆಯಿಂದ ಮೆಲ್ಲನೆ ಒಂದು ಪೆಟ್ಟು ಕೊಟ್ಟೆ. ಬಲವಾಗಿ ಹೊಡೆದರೆ ಹಲಗೆ ಮೇಲೆದ್ದು ಸದ್ದು ಪಕ್ಕದ ಹಲಗೆಗೆ ದಾಟುತ್ತದೆ.

ಚಾವಡಿಯ ಮೇಲ್ಭಾಗದಲ್ಲಿ ಮಾತ್ರ ಜಂತಿಗಳ ಅಡಿಗೆ ಮರದ ಮುಚ್ಚಿಗೆ ಇದ್ದುದರಿಂದ ಕಾರ್ಪೆಟ್ ಎಬ್ಬಿಸಲೇಬೇಕಾಯಿತು. ಗೋಡೆಯಂಚಿನಲ್ಲಿ ಓರೆ ಮುಳ್ಳುಗಳಿರುವ ಮರದ ಪಟ್ಟಿ ಅದನ್ನು ಹಿಡಿದಿರುತ್ತದೆ. ಮೂಲೆಯೊಂದರಲ್ಲಿ ಇಕ್ಕಳದಿಂದ ಹಿಡಿದೆಳೆದರೆ ಬಿಟ್ಟುಕೊಳ್ಳುತ್ತದೆ. ಕೈಗವಸು ಬೇಕು. ಕಾರ್ಪೆಟ್ ಮೇಲಿನಿಂದಲೇ ಸ್ಕ್ರೂ ಹಾಕಿ ಮುಗಿಸೋಣವೆಂಬ ಸಲಹೆಯನ್ನು ನಾನು ಒಪ್ಪಲಿಲ್ಲ, ಏಕೆಂದರೆ ತಿರುಗುವ ಡ್ರಿಲ್‌ಗೆ ನೂಲು ಸುತ್ತಿಕೊಂಡರೆ ಉದ್ದಕ್ಕೆ ಎಳೆ ಕಿತ್ತುಬರುತ್ತದೆ. ಹಳೆಯ ಮೊಳೆಗಳ ಸಾಲೇ ಜಂತಿ ಇರುವ ಜಾಗವನ್ನು ತೋರಿಸುತ್ತದೆ. ಒಂದು ಇಂಚು ದಪ್ಪದ ಹಲಗೆಗೆ ಎರಡು ಇಂಚಿನ ಸ್ಕ್ರೂ ಆರಿಸಿಕೊಂಡೆ. ಹಳೆಯ ಹಲಸಿನ ಮರ ಬಲು ಗಟ್ಟಿಯಾದುದರಿಂದ ಮೊದಲು ಸಣ್ಣ ತೂತು ಕೊರೆದು, ಸ್ಕ್ರೂವಿನ ತಲೆ ಮೇಲೆ ಉಳಿಯದಂತೆ ತೂತಿನ ಬಾಯಿಯನ್ನು ಅಗಲ ಮಾಡಿ, ಹಲಗೆಯ ಮೇಲೆ ನಿಂತುಕೊಂಡೇ ಬಿಗಿದೆ. ಕೆಳಗಿನ ಫ್ಯಾನಿನ ತಂತಿ ಹಲಗೆಯ ಅಡಿಯಲ್ಲೇ ಹಾದುಹೋಗುತ್ತಿದ್ದುದರಿಂದ, ಕೊರೆಯುವ ಮೊದಲು ಅದರ ದಾರಿಯನ್ನು ಗುರುತಿಸಿ, ಆ ಕೋಣೆಗಳ ವಿದ್ಯುತ್ತನ್ನು ಕಡಿತಗೊಳಿಸಿದ್ದೆ.

ಹಲಗೆಯ ಅಂಚುಗಳು ಒಂದಕ್ಕೊಂದು ಉಜ್ಜುವಲ್ಲಿ ಟಾಲ್ಕಂ ಪೌಡರನ್ನು ಸಂದಿಗೆ ಸುರಿದು ಬ್ರಷ್‌ನಿಂದ ಇಳಿಸಿದೆ. ತೆಂಗಿನೆಣ್ಣೆ ಬಿಡುವವರಿದ್ದಾರೆ, ಅದು ಧೂಳು ಹಿಡಿಯುವುದಲ್ಲದೆ ಕಾರ್ಪೆಟ್‌ಗೂ ಕಲೆ ಮಾಡುತ್ತದೆ. ಬೇಸಿಗೆಯ ಸಂದುಗಳಿಗೆ ಮರದ ಚೂರು ತುರುಕಲೂಬಾರದು. ಜೂನ್‌ನಲ್ಲಿ ಹಲಗೆ ಉಬ್ಬುವುದಕ್ಕೆ ಆ ಜಾಗ ಬೇಕು.

ಕೊನೆಗೆ ಕಾರ್ಪೆಟ್ಟನ್ನು ಗೋಡೆಯ ಕಡೆಗೆ ಬಿಗಿಯಾಗಿ ಎಳೆದು, ಅಂಚನ್ನು ಪಟ್ಟಿಯ ಮುಳ್ಳುಗಳಿಗೆ ಒತ್ತಿ ಕೂರಿಸಿದೆ. ಚಿಕ್ಕ ಕೋಣೆಯಾದುದರಿಂದ ಕೈಬಲವೇ ಸಾಕಾಯಿತು. ದೊಡ್ಡ ಕೋಣೆಯಾದರೆ ಮೊಣಕಾಲಿನಿಂದ ಒದ್ದು ಹಿಗ್ಗಿಸುವ ಸಾಧನವಿಲ್ಲದೆ ನಡುವಿನ ಸುಕ್ಕು ಹೋಗುವುದು ಕಷ್ಟ.