ಚಾಟ್‌ಬಾಟ್ ಬಾಯಿ ಜಾರಿದರೆ ದುಡ್ಡು ಕಟ್ಟುವವರು ನಾವೇ

ಆಫೀಸಿನ ವೆಬ್‌ಸೈಟಿಗೆ ಚಾಟ್‌ಬಾಟ್ (ಗ್ರಾಹಕರ ಪ್ರಶ್ನೆಗೆ ತಾನೇ ಉತ್ತರಿಸುವ ಪ್ರೋಗ್ರಾಂ) ಹಾಕಿಸುವವರು ವಿಮಾನ ಕಂಪನಿ ಏರ್ ಕೆನಡಾದ ಕಥೆ ತಿಳಿದಿರಬೇಕು. ಅಜ್ಜಿ ತೀರಿಕೊಂಡು ಊರಿಗೆ ಹೊರಟಿದ್ದ ಪ್ರಯಾಣಿಕರೊಬ್ಬರಿಗೆ ಅದರ ಬಾಟ್, ಟಿಕೆಟ್ ಕೊಂಡ 90 ದಿನದೊಳಗೆ ರಿಯಾಯಿತಿ ಕೇಳಬಹುದು ಎಂದಿತ್ತು. ನಿಜವಾದ ನಿಯಮ ಬೇರೆಯೇ ಇತ್ತು. ಬಾಟ್ ಮಾತಿಗೆ ಬಾಟೇ ಹೊಣೆ ಎನ್ನುವಂತೆ ಕಂಪನಿ ವಾದಿಸಿತು (ನಗು ಬರುತ್ತದೆ, ಅಲ್ವಾ?). ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ನ್ಯಾಯಮಂಡಳಿ ಒಪ್ಪಲಿಲ್ಲ. 2024ರ ಫೆಬ್ರವರಿಯಲ್ಲಿ ಸುಮಾರು 812 ಕೆನಡಾ ಡಾಲರ್ ಕೊಡಿಸಿತು.

ಹಾಗಾಗಿ ದುಡ್ಡು, ರೀಫಂಡ್, ಕೊನೆಯ ದಿನಾಂಕದ ಪ್ರಶ್ನೆಗೆ ಬಾಟ್ ಸ್ವಂತ ಮಾತಲ್ಲಿ ಉತ್ತರಿಸದಂತೆ ಮಾಡಿಸಿ. ನಿಯಮದ ಪುಟವನ್ನೇ ತೋರಿಸಲಿ, ಇಲ್ಲವೇ ಸಿಬ್ಬಂದಿಗೆ ದಾಟಿಸಲಿ. ವಾರಕ್ಕೆ 20 ಚಾಟ್ ಆದರೂ ಯಾರಾದರೂ ಓದಬೇಕು. ಯಾರಾದರೂ ಅಂದರೆ ಯಾರೂ ಓದುವುದಿಲ್ಲ, ಒಬ್ಬರ ಹೆಸರಿಗೇ ಬರೆದಿಡಿ. ನಿಯಮ ಬದಲಾದ ದಿನವೇ ಹಳೇ ಪ್ರಶ್ನೆಗಳನ್ನು ಬಾಟ್‌ಗೆ ಮತ್ತೆ ಕೇಳಿ ನೋಡಿ.