ಸೈಕಲ್ಲಿಗೂ ಕಾರಿಗೂ ನಡುವೆ ಒಂದೂವರೆ ಮೀಟರ್: ನಗರದ ರಸ್ತೆಯನ್ನು ಜಗಳವಿಲ್ಲದೆ ಹಂಚಿಕೊಳ್ಳುವ ಕ್ರಮ

ನಾನು ವಾರದಲ್ಲಿ ಕೆಲವು ದಿನ ಸೈಕಲ್ ತುಳಿಯುತ್ತೇನೆ, ಕೆಲವು ದಿನ ಕಾರು ಓಡಿಸುತ್ತೇನೆ. ಸೈಕಲ್ ಮೇಲಿದ್ದಾಗ ಕಾರಿನವರು ಬೇಕೆಂದೇ ಮೈಮೇಲೆ ಬರುತ್ತಾರೆ ಎಂದೂ, ಕಾರಿನೊಳಗಿದ್ದಾಗ ಸೈಕಲ್ಲಿನವರು ಬೇಕೆಂದೇ ದಾರಿ ಬಿಡುವುದಿಲ್ಲ ಎಂದೂ ನನಗೆ ಅನ್ನಿಸಿದ್ದುಂಟು. ಒಂದೇ ವಾರದಲ್ಲಿ, ಒಂದೇ ರಸ್ತೆಯಲ್ಲಿ, ಒಬ್ಬನೇ ಮನುಷ್ಯನಿಗೆ ಈ ಎರಡೂ ಬಗೆಯ ಸಿಟ್ಟು ಬರುತ್ತದೆ ಎಂದ ಮೇಲೆ ಅದಕ್ಕೆ ಜನರ ಕೆಟ್ಟತನವೇ ಕಾರಣವೆನ್ನಲು ಮನಸ್ಸು ಒಪ್ಪುವುದಿಲ್ಲ. ಒಂದು ವಾಹನದಲ್ಲಿ ಕುಳಿತವರಿಗೆ ಇನ್ನೊಂದು ವಾಹನದ ಇಕ್ಕಟ್ಟು ಕಾಣುವುದಿಲ್ಲ. ರಸ್ತೆಯ ಬಹುಪಾಲು ಜಗಳಗಳು ಹುಟ್ಟುವುದು ಅಲ್ಲಿಂದಲೇ. ಆದ್ದರಿಂದ ಏನು ಮಾಡಬೇಕು ಎಂಬುದರ ಜೊತೆಗೆ, ಇನ್ನೊಬ್ಬರು ಹಾಗೇಕೆ ಮಾಡುತ್ತಾರೆ ಎಂಬುದನ್ನೂ ಇಲ್ಲಿ ವಿವರಿಸಿದ್ದೇನೆ. ಎಡ, ಬಲ ಎನ್ನುವ ಬದಲು ಅಂಚಿನ ಬದಿ, ನಡುವಿನ ಬದಿ ಎಂದೇ ಬರೆದಿದ್ದೇನೆ. ವಾಹನಗಳು ಯಾವ ಬದಿಯಲ್ಲಿ ಸಾಗುವ ನಾಡಿನಲ್ಲಾದರೂ ಸಂಗತಿ ಒಂದೇ.

ಸೈಕಲ್ ಅಂಚಿಗೆ ಅಂಟಿಕೊಂಡು ಏಕೆ ಹೋಗಲಾರದು

"ಅಂಚಿನಲ್ಲಿ ಅಷ್ಟು ಜಾಗವಿದ್ದರೂ ನಡುವೆಯೇ ಹೋಗುತ್ತಾರೆ" ಎಂಬುದು ಕಾರು ಚಾಲಕರ ಮೊದಲ ದೂರು. ಕಾರಿನ ಸೀಟಿನಿಂದ ನೋಡಿದರೆ ಅಂಚಿನ ಒಂದು ಮೀಟರ್ ಖಾಲಿಯಾಗಿಯೇ ಕಾಣುತ್ತದೆ. ಅದೇ ಒಂದು ಮೀಟರಿನಲ್ಲಿ ಸೈಕಲ್ ಸವಾರರ ಕಣ್ಣಿಗೆ ಮರಳು, ಗಾಜಿನ ಚೂರು, ಚರಂಡಿಯ ಜಾಲರಿ, ಡಾಂಬರು ಕಿತ್ತುಹೋದ ಗುಂಡಿ ಕಾಣುತ್ತವೆ. ಕಾರಿನ ಅಗಲವಾದ ಚಕ್ರ ಇವುಗಳ ಮೇಲೆ ಹಾದುಹೋದರೆ ಒಳಗಿದ್ದವರಿಗೆ ತಿಳಿಯುವುದೂ ಇಲ್ಲ. ಎರಡು ಬೆರಳಿನಷ್ಟು ಅಗಲದ ಸೈಕಲ್ ಟೈರು ಜಾಲರಿಯ ಸೀಳಿನಲ್ಲಿ ಸಿಕ್ಕಿಕೊಂಡರೆ ಸವಾರ ಹ್ಯಾಂಡಲ್ ದಾಟಿ ಮುಂದಕ್ಕೆ ಬೀಳುತ್ತಾನೆ.

ಇದಕ್ಕಿಂತ ಮುಖ್ಯವಾದ, ಆದರೆ ಸೈಕಲ್ ತುಳಿಯುವವರಿಗೂ ಸಾಮಾನ್ಯವಾಗಿ ಗೊತ್ತಿರದ ಇನ್ನೊಂದು ಕಾರಣವಿದೆ. ಎರಡು ಚಕ್ರದ ವಾಹನ ಒಂದು ಕಡೆಗೆ ತಿರುಗಬೇಕಾದರೆ ಆ ಕಡೆಗೆ ವಾಲಬೇಕು; ಹಾಗೆ ವಾಲಬೇಕಾದರೆ ಮುಂದಿನ ಚಕ್ರ ಕ್ಷಣಕಾಲ ಅದರ ವಿರುದ್ಧ ದಿಕ್ಕಿಗೆ ಹೊರಳಬೇಕು. ಇದನ್ನು ದೇಹ ತಾನಾಗಿಯೇ ಮಾಡುವುದರಿಂದ ನಮ್ಮ ಅರಿವಿಗೆ ಬರುವುದಿಲ್ಲ. ಆದರೆ ಅಂಚಿನ ಕಲ್ಲಿಗೆ ಅಂಗೈಯಗಲದ ದೂರದಲ್ಲಿ ಹೋಗುತ್ತಿರುವವರು ರಸ್ತೆಯ ನಡುವಿನ ಕಡೆಗೆ ಸರಿಯಬೇಕೆಂದರೆ ಮೊದಲು ಆ ಕಲ್ಲಿನ ಕಡೆಗೇ ಚಕ್ರವನ್ನು ಹೊರಳಿಸಬೇಕಾಗುತ್ತದೆ, ಅದಕ್ಕೆ ಅಲ್ಲಿ ಜಾಗವಿರುವುದಿಲ್ಲ. ಮುಂದೆ ಗುಂಡಿ ಬಂದರೂ ಅವರಿಗೆ ತಪ್ಪಿಸಿಕೊಳ್ಳಲಾಗುವುದಿಲ್ಲ.

ಆದುದರಿಂದ, ಸವಾರರೇ, ಅಂಚಿನಿಂದ ಅರ್ಧ ಮೀಟರಿಗಿಂತ ಹತ್ತಿರದಲ್ಲಿ ಹೋಗಬೇಡಿ. ಬ್ರಿಟನ್ನಿನಲ್ಲಿ 2022ರ ಜನವರಿಯಲ್ಲಿ ತಿದ್ದುಪಡಿಗೊಂಡ ರಸ್ತೆ ಸಂಚಾರ ಸಂಹಿತೆಯು ವೇಗದ ವಾಹನಗಳಿರುವ ರಸ್ತೆಯಲ್ಲಿ ಕನಿಷ್ಠ ಇಷ್ಟು ಅಂತರವನ್ನು ಹೇಳುತ್ತದೆ. ವಾಹನ ವಿರಳವಾದ ರಸ್ತೆಯಲ್ಲಿ, ಎಲ್ಲರೂ ನಿಧಾನವಾಗಿ ಸಾಗುತ್ತಿರುವಾಗ, ಕೂಡುರಸ್ತೆಗಳ ಬಳಿ ಮತ್ತು ರಸ್ತೆ ಕಿರಿದಾಗುವ ಕಡೆ ಲೇನಿನ ನಡುವೆಯೇ ಸಾಗುವಂತೆ ಸಲಹೆ ನೀಡುತ್ತದೆ. ಕಿರಿದಾದಲ್ಲಿ ನಡುವಿಗೆ ಬಂದ ಸವಾರರು ಹಟ ಸಾಧಿಸುತ್ತಿದ್ದಾರೆಂದು ಹಿಂದಿನ ಕಾರಿನವರು ತಿಳಿಯಬಾರದು. "ಇಲ್ಲಿ ನನ್ನನ್ನು ದಾಟಲು ಜಾಗ ಸಾಲದು, ಸ್ವಲ್ಪ ತಾಳಿ" ಎಂದು ಹೇಳಲು ಅವರಿಗಿರುವ ದಾರಿ ಅದೊಂದೇ. ಆದರೆ ಆ ಮಾತಿಗೆ ಬೆಲೆ ಉಳಿಯಬೇಕಾದರೆ ರಸ್ತೆ ಮತ್ತೆ ಅಗಲವಾದ ಕೂಡಲೇ ಸವಾರರು ಅಂಚಿನ ಕಡೆಗೆ ಸರಿಯಬೇಕು. ಜಾಗ ಸಿಕ್ಕಿದಾಗಲೂ ಸರಿಯದವರನ್ನು ಕಂಡ ಚಾಲಕರು, ಮುಂದಿನ ಸಲ ನಿಜವಾಗಿಯೂ ಜಾಗವಿಲ್ಲದಿದ್ದಾಗಲೂ ನಂಬುವುದಿಲ್ಲ.

ಸಾಲಾಗಿ ನಿಂತ ಕಾರುಗಳ ನಡುವೆ ಬಿಡುವು ಸಿಕ್ಕಾಗಲೆಲ್ಲ ಒಳಸರಿದು ಮತ್ತೆ ಹೊರಬರುವುದನ್ನು ಮಾತ್ರ ಮಾಡಬೇಡಿ. ಅದು ವಿನಯವೆಂದು ನಿಮಗನ್ನಿಸಬಹುದು. ಹಿಂದಿನಿಂದ ಬರುವವರಿಗೆ ನೀವು ಮರೆಯಾಗಿ ಹಠಾತ್ತನೆ ಎದುರಾಗುತ್ತೀರಿ. ನೇರವಾದ ಒಂದೇ ಗೆರೆಯಲ್ಲಿ ಸಾಗಿದರೆ ನಿಮ್ಮ ಮುಂದಿನ ನಡೆ ಎಲ್ಲರಿಗೂ ಮೊದಲೇ ತಿಳಿದಿರುತ್ತದೆ.

ಹಿಂದಿಕ್ಕುವಾಗ ಚಾಲಕರು ಗಮನಿಸಬೇಕಾದದ್ದು

ಎಷ್ಟು ಅಂತರ ಬಿಡಬೇಕು ಎಂಬುದಕ್ಕೆ ಹಲವು ದೇಶಗಳಲ್ಲಿ ಕಾನೂನೇ ಇದೆ. ಫ್ರಾನ್ಸಿನಲ್ಲಿ ಊರೊಳಗೆ 1 ಮೀಟರ್, ಹೊರಗೆ 1.5 ಮೀಟರ್, ಜರ್ಮನಿಯಲ್ಲಿ 2020ರಿಂದ ಊರೊಳಗೆ 1.5 ಮೀಟರ್, ಹೊರಗೆ 2 ಮೀಟರ್. ನಿಮ್ಮಲ್ಲಿ ನಿಯಮ ಏನೇ ಇರಲಿ, ಒಂದೂವರೆ ಮೀಟರನ್ನು ರೂಢಿ ಮಾಡಿಕೊಳ್ಳಿ. ಇದನ್ನು ಸೈಕಲ್ಲಿನ ಚಕ್ರದಿಂದಲ್ಲ, ಹ್ಯಾಂಡಲ್ಲಿನ ತುದಿಯಿಂದ ನಿಮ್ಮ ಕಾರಿನ ಪಕ್ಕದ ಕನ್ನಡಿಯವರೆಗೆ ಅಳೆಯಬೇಕು. ಕಾರಿನ ಬಾಗಿಲನ್ನು ಪೂರ್ತಿ ತೆರೆದರೂ ಸೈಕಲ್ಲಿಗೆ ತಾಗದಷ್ಟು ದೂರ ಎಂದು ಮನಸ್ಸಿನಲ್ಲಿಟ್ಟುಕೊಂಡರೆ ಅಂದಾಜು ಸುಲಭವಾಗುತ್ತದೆ.

ಇಷ್ಟು ದೂರ ಏಕೆ ಬೇಕೆಂದರೆ ಸೈಕಲ್ ಗೆರೆ ಎಳೆದಂತೆ ಸಾಗುವುದಿಲ್ಲ. ಏರಿನಲ್ಲಿ ವೇಗ ತಗ್ಗಿದಾಗ, ಎದುರುಗಾಳಿಯಲ್ಲಿ, ಹಿಂದಕ್ಕೆ ತಿರುಗಿ ನೋಡುವಾಗ, ಕೈ ಚಾಚಿ ಸೂಚನೆ ಕೊಡುವಾಗ ಅದು ಒಂದು ಗೇಣಿನಷ್ಟಾದರೂ ಅತ್ತಿತ್ತ ಸರಿಯುತ್ತದೆ. ಅನುಭವವಿಲ್ಲದವರಲ್ಲೂ ಮಕ್ಕಳಲ್ಲೂ ಇದು ಇನ್ನೂ ಹೆಚ್ಚು.

ಅಂತರ ಸಿಗದಿದ್ದರೆ ಹಿಂದೆಯೇ ಉಳಿಯಿರಿ. ಇದರಿಂದ ಕಳೆದುಕೊಳ್ಳುವುದೆಷ್ಟು ಎಂದು ಒಮ್ಮೆ ಲೆಕ್ಕ ಹಾಕಿ ನೋಡಿದ ಮೇಲೆ ನನ್ನ ಆತುರ ನಿಜವಾಗಿಯೂ ಕಡಿಮೆಯಾಯಿತು. ಗಂಟೆಗೆ 15 ಕಿಲೋಮೀಟರ್ ವೇಗದ ಸೈಕಲ್ ನೂರು ಮೀಟರ್ ಸಾಗಲು 24 ಸೆಕೆಂಡು ತೆಗೆದುಕೊಳ್ಳುತ್ತದೆ. 40 ಕಿಲೋಮೀಟರ್ ವೇಗದ ಕಾರಿಗೆ 9 ಸೆಕೆಂಡು ಸಾಕು. ನೂರು ಮೀಟರ್ ಉದ್ದಕ್ಕೂ ಸೈಕಲ್ಲಿನ ಹಿಂದೆ ಉಳಿದರೂ ನಷ್ಟ ಹದಿನೈದು ಸೆಕೆಂಡು. ಮುಂದೆ ಕೆಂಪು ದೀಪವಿದ್ದರೆ ಅಷ್ಟೂ ಇಲ್ಲ, ಏಕೆಂದರೆ ದಾಟಿಹೋದ ಕಾರಿನ ಪಕ್ಕಕ್ಕೆ ಆ ಸೈಕಲ್ ಮತ್ತೆ ಬಂದು ನಿಂತಿರುತ್ತದೆ.

ವೇಗದ ವಿಷಯದಲ್ಲಿ ಇನ್ನೊಂದು ಲೆಕ್ಕವನ್ನೂ ತಿಳಿದಿರಬೇಕು. ಬ್ರೇಕ್ ಒತ್ತಲು ಒಂದು ಸೆಕೆಂಡು ಬೇಕೆಂದು ಹಿಡಿದರೆ, ಒಣಗಿದ ರಸ್ತೆಯಲ್ಲಿ ಒಳ್ಳೆಯ ಬ್ರೇಕಿರುವ ಕಾರು 30 ಕಿಲೋಮೀಟರ್ ವೇಗದಿಂದ ನಿಲ್ಲಲು ಸುಮಾರು 13 ಮೀಟರ್ ಬೇಕು. 50 ಕಿಲೋಮೀಟರ್ ವೇಗದಿಂದಾದರೆ ಸುಮಾರು 28 ಮೀಟರ್. ಚಲನೆಯ ಶಕ್ತಿ ವೇಗದ ವರ್ಗದಂತೆ ಏರುವುದರಿಂದ, ಈ ಎರಡು ವೇಗಗಳ ನಡುವೆ ಪೆಟ್ಟಿನ ಬಲ ಎರಡೂಮುಕ್ಕಾಲು ಪಟ್ಟಿನಷ್ಟು ಬೆಳೆಯುತ್ತದೆ. ಸೈಕಲ್ ಸವಾರರಿಗೂ ಆ ಪೆಟ್ಟಿಗೂ ನಡುವೆ ಬಟ್ಟೆಯ ಹೊರತು ಬೇರೇನೂ ಇರುವುದಿಲ್ಲ. ರಸ್ತೆಯ ಹೊಣೆ ಇಬ್ಬರದೂ ಹೌದು. ಆದರೆ ಹೆಚ್ಚು ಹಾನಿ ಮಾಡಬಲ್ಲವರ ಮೇಲೆ ಹೆಚ್ಚು ಹೊಣೆ ಬೀಳಬೇಕೆಂಬ ತತ್ತ್ವವನ್ನು ನಾನು ಯಾವ ಹಿಂಜರಿಕೆಯೂ ಇಲ್ಲದೆ ಒಪ್ಪುತ್ತೇನೆ. ಬ್ರಿಟನ್ನಿನ 2022ರ ತಿದ್ದುಪಡಿಯೂ ಇದನ್ನೇ ಆಧಾರವಾಗಿಟ್ಟುಕೊಂಡಿದೆ.

ಸೈಕಲ್ಲಿನ ಬೆನ್ನ ಹಿಂದೆಯೇ ಬಂದು ಹಾರ್ನ್ ಹೊಡೆಯಬೇಡಿ. ಮುಚ್ಚಿದ ಗಾಜಿನೊಳಗೆ ಕುಳಿತು ಅದನ್ನು ಕೇಳುವವರಿಗೆ ಅದು ಸಣ್ಣ ಸೂಚನೆ. ಬಯಲಿನಲ್ಲಿರುವ ಸವಾರರಿಗೆ ಅದು ಕಿವಿಯ ಪಕ್ಕದ ಸಿಡಿತ. ಬೆಚ್ಚಿಬಿದ್ದ ಕೈ ಹ್ಯಾಂಡಲ್ಲನ್ನು ಯಾವ ಕಡೆಗೆ ಎಳೆಯುವುದೆಂದು ಹೇಳಲಾಗದು. ತಿಳಿಸಲೇಬೇಕಿದ್ದರೆ ಸಾಕಷ್ಟು ಹಿಂದಿನಿಂದ, ಒಮ್ಮೆ, ಮೆಲ್ಲಗೆ ಸದ್ದು ಮಾಡಿ.

ಬಾಗಿಲು

ಒಮ್ಮೆ ನಾನು ರಸ್ತೆ ಬದಿಗೆ ಕಾರು ನಿಲ್ಲಿಸಿ, ಕನ್ನಡಿಯನ್ನೂ ನೋಡದೆ ಬಾಗಿಲು ತೆರೆದೆ. ಹಿಂದಿನಿಂದ ಬರುತ್ತಿದ್ದ ಸೈಕಲ್ಲಿನ ಯುವತಿ ಬಾಗಿಲಿನ ತುದಿಯಿಂದ ಕೂದಲೆಳೆಯಷ್ಟು ದೂರದಲ್ಲಿ ಹಾದುಹೋದಳು. ಅವಳ ಹಿಂದೆ ಬಸ್ಸೊಂದು ಬರುತ್ತಿತ್ತು. ಅವಳು ಬೈಯಲಿಲ್ಲ, ತಿರುಗಿಯೂ ನೋಡಲಿಲ್ಲ. ನಾನು ಬಹಳ ಹೊತ್ತು ಸ್ಟೀರಿಂಗ್ ಹಿಡಿದು ಕುಳಿತೇ ಇದ್ದೆ. ಅಂದಿನಿಂದ ನಾನು ಕಾರಿನ ಬಾಗಿಲನ್ನು ಹತ್ತಿರದ ಕೈಯಿಂದ ತೆರೆದಿಲ್ಲ.

ವಿಧಾನ ಸರಳವಾದದ್ದು. ಬಾಗಿಲು ನಿಮ್ಮ ಬಲಕ್ಕಿದ್ದರೆ ಎಡಗೈಯಿಂದಲೂ, ಎಡಕ್ಕಿದ್ದರೆ ಬಲಗೈಯಿಂದಲೂ ತೆರೆಯಿರಿ. ದೂರದ ಕೈಯನ್ನು ಚಾಚಿದಾಗ ಹೆಗಲು, ಅದರೊಂದಿಗೆ ಕತ್ತು ತಾನಾಗಿಯೇ ಹಿಂದಕ್ಕೆ ತಿರುಗುತ್ತದೆ. ಕನ್ನಡಿಗೆ ಕಾಣದ ಜಾಗವೂ ಕಣ್ಣಿಗೆ ಬೀಳುತ್ತದೆ. ಇದು ನೆದರ್ಲೆಂಡ್ಸಿನ ರೂಢಿಯೆಂದು ಹೆಸರಾಗಿ 'ಡಚ್ ರೀಚ್' ಎನಿಸಿಕೊಂಡಿದೆ. ಹಿಂದಿನ ಸೀಟಿನಲ್ಲಿ ಕುಳಿತವರಿಗೂ, ಮುಖ್ಯವಾಗಿ ಮಕ್ಕಳಿಗೂ ಬಾಡಿಗೆ ಕಾರಿನಿಂದ ಇಳಿಯುವವರಿಗೂ ಇದನ್ನು ಹೇಳಿಕೊಡಬೇಕು. ಮೊದಲು ಕಿಂಡಿಯಷ್ಟೇ ತೆರೆದು, ನೋಡಿ, ಆಮೇಲೆ ಪೂರ್ತಿ ತೆರೆಯಿರಿ.

ಸವಾರರು ನಿಂತ ಕಾರುಗಳಿಂದ ಒಂದು ಬಾಗಿಲಿನ ಅಗಲ, ಅಂದರೆ ಸುಮಾರು ಒಂದು ಮೀಟರ್, ದೂರದಲ್ಲಿ ಸಾಗಬೇಕು. ಅದಕ್ಕಾಗಿ ನೀವು ಲೇನಿನ ನಡುವಿಗೆ ಬರಬೇಕಾಗಬಹುದು, ಹಿಂದಿನವರಿಗೆ ಬೇಸರವಾಗಬಹುದು. ಆದರೂ ಆ ಮೀಟರನ್ನು ಬಿಟ್ಟುಕೊಡಬೇಡಿ. ಈಗಷ್ಟೇ ದೀಪ ಆರಿದ, ಒಳಗೆ ತಲೆ ಕಾಣುವ ಕಾರುಗಳ ಬಳಿ ಬ್ರೇಕಿನ ಮೇಲೆ ಬೆರಳಿರಲಿ.

ತಿರುವು ಮತ್ತು ಸಿಗ್ನಲ್

ಕಾರೊಂದು ಸೈಕಲ್ಲನ್ನು ಹಿಂದಿಕ್ಕಿ, ತಕ್ಷಣವೇ ಅಂಚಿನ ಬದಿಯ ಅಡ್ಡರಸ್ತೆಗೆ ತಿರುಗುವುದು ನಗರದ ಅತಿ ಕೆಟ್ಟ ಸಂದರ್ಭಗಳಲ್ಲಿ ಒಂದು. ಚಾಲಕರು ತಾವು ಸೈಕಲ್ಲನ್ನು ದಾಟಿ ಆಯಿತೆಂದು ತಿಳಿಯುತ್ತಾರೆ. ಆದರೆ ತಿರುವಿಗಾಗಿ ವೇಗ ತಗ್ಗಿಸಿದಾಗ ಸೈಕಲ್ ಅದೇ ವೇಗದಲ್ಲಿ ಬಂದು ಕಾರಿನ ಪಕ್ಕಕ್ಕೇ ತಲುಪುತ್ತದೆ. ತಿರುವು ಹತ್ತಿರವಿದ್ದರೆ ಹಿಂದಿಕ್ಕುವ ಯೋಚನೆಯನ್ನೇ ಬಿಟ್ಟು, ಇಂಡಿಕೇಟರ್ ಹಾಕಿ, ಸೈಕಲ್ ಮುಂದೆ ಹೋದ ಮೇಲೆ ತಿರುಗಿ. ಸವಾರರು ತಮ್ಮ ಪಾಲಿಗೆ, ಇಂಡಿಕೇಟರ್ ಹಾಕಿರುವ ಕಾರಿನ ಅಂಚಿನ ಬದಿಯಿಂದ ನುಸುಳಬಾರದು. ಲಾರಿ, ಬಸ್ಸುಗಳ ವಿಷಯದಲ್ಲಿ ಇದಕ್ಕೆ ವಿನಾಯಿತಿಯೇ ಇಲ್ಲ: ಅವು ತಿರುಗುವಾಗ ಹಿಂದಿನ ಚಕ್ರಗಳು ಮುಂದಿನ ಚಕ್ರಗಳಿಗಿಂತ ಒಳಗಿನ ದಾರಿಯಲ್ಲಿ ಬರುತ್ತವೆ, ಮುಂಭಾಗ ದಾಟಿದಾಗ ಸುರಕ್ಷಿತವೆನಿಸಿದ ಜಾಗ ಎರಡು ಸೆಕೆಂಡಿನಲ್ಲಿ ಮಾಯವಾಗುತ್ತದೆ. ಚಾಲಕರ ಮುಖ ಅವರ ಕನ್ನಡಿಯಲ್ಲಿ ನಿಮಗೆ ಕಾಣದಿದ್ದರೆ ನೀವೂ ಅವರಿಗೆ ಕಾಣುತ್ತಿಲ್ಲವೆಂದು ತಿಳಿಯಿರಿ.

ಕೆಂಪು ದೀಪವನ್ನು ದಾಟುವ ಸವಾರರ ಬಗ್ಗೆ ಚಾಲಕರಲ್ಲಿರುವ ಕೋಪ ನ್ಯಾಯವಾದದ್ದು. ನಿಂತ ಸೈಕಲ್ಲನ್ನು ಮತ್ತೆ ವೇಗಕ್ಕೆ ತರಲು ಕಾಲಿನ ಬಲವೇ ಬೇಕು, ಕಾರಿಗಾದರೆ ಪಾದದ ಒಂದು ಒತ್ತು ಸಾಕು; ಹಾಗಾಗಿ ನಿಲ್ಲದೆ ಹೋಗುವ ಆಸೆ ನನಗೂ ಅರ್ಥವಾಗುತ್ತದೆ. ಅಮೆರಿಕದ ಐಡಹೊ ರಾಜ್ಯ 1982ರಲ್ಲಿಯೇ, ನಿಲ್ಲಬೇಕೆಂಬ ಫಲಕವಿರುವ ಕಡೆ ಸೈಕಲ್ಲಿನವರು ನಿಧಾನಿಸಿ, ಬೇರೆಯವರಿಗೆ ದಾರಿ ಬಿಟ್ಟು, ನಿಲ್ಲದೆಯೇ ಮುಂದುವರಿಯಬಹುದೆಂದು ಕಾನೂನು ಮಾಡಿತು. ಅಂಥ ಕಾನೂನಿಲ್ಲದ ಕಡೆ ನಿಲ್ಲಲೇಬೇಕು. ಒಬ್ಬರು ದೀಪ ದಾಟಿಹೋದದ್ದರ ಸಿಟ್ಟನ್ನು ಮುಂದಿನ ರಸ್ತೆಯಲ್ಲಿ ಏನೂ ತಪ್ಪು ಮಾಡದ ಇನ್ನೊಬ್ಬ ಸವಾರರು ಅನುಭವಿಸುತ್ತಾರೆ. ರಾತ್ರಿ ಮುಂದೆ ಬಿಳಿ, ಹಿಂದೆ ಕೆಂಪು ದೀಪವಿಲ್ಲದೆ ಹೊರಡಬಾರದೆಂಬುದನ್ನು ಪ್ರತ್ಯೇಕವಾಗಿ ವಿವರಿಸಬೇಕಾಗಿಲ್ಲ.

ಮಾತು ಬೆಳೆದಾಗ

ಕಾರು ತೀರ ಹತ್ತಿರದಿಂದ ಹಾದುಹೋದಾಗ ಸವಾರರ ಎದೆ ಹೊಡೆದುಕೊಳ್ಳುತ್ತದೆ, ಕೈ ತಾನಾಗಿಯೇ ಮೇಲೇಳುತ್ತದೆ. ಆ ಗಳಿಗೆಯಲ್ಲಿ ಕಾರಿನ ಮೈಮೇಲೆ ಬಡಿಯಬೇಡಿ, ಬೆನ್ನಟ್ಟಿ ಸಿಗ್ನಲ್ಲಿನಲ್ಲಿ ಗಾಜು ತಟ್ಟಬೇಡಿ. ಒಳಗಿರುವವರಿಗೆ ತಾವು ಮಾಡಿದ್ದೇನೆಂದು ಗೊತ್ತಿರುವುದೇ ಇಲ್ಲ. ಅವರಿಗೆ ಕಾಣುವುದು ಕಾರಣವಿಲ್ಲದೆ ಎರಗಿಬಂದ ಅಪರಿಚಿತರು ಮಾತ್ರ. ಬದಿಗೆ ನಿಂತು ಉಸಿರು ಹದಕ್ಕೆ ಬಂದ ಮೇಲೆ ವಾಹನದ ಸಂಖ್ಯೆ, ಜಾಗ, ಸಮಯವನ್ನು ಬರೆದುಕೊಳ್ಳಿ. ದೂರು ಕೊಡುವಷ್ಟು ಗಂಭೀರವಾಗಿದ್ದರೆ ಅವೇ ಬೇಕಾಗುತ್ತವೆ. ತಪ್ಪು ನಿಮ್ಮದಾಗಿದ್ದರೆ, ಸೈಕಲ್ಲಿನಲ್ಲಿರಲಿ ಕಾರಿನಲ್ಲಿರಲಿ, ಅಂಗೈ ತೋರಿಸಿ ತಲೆಬಾಗಿಸಿ. ಅಷ್ಟಕ್ಕೇ ಎದುರಿನವರ ಮುಖ ಸಡಿಲವಾಗುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

"ರಸ್ತೆಗೆ ತೆರಿಗೆ ಕಟ್ಟುವವರು ನಾವು" ಎಂಬ ಮಾತು ಇಂಥ ಜಗಳದಲ್ಲಿ ಬಂದೇ ಬರುತ್ತದೆ. ಅಮೆರಿಕದ ಇಲಿನಾಯ್‌ನಲ್ಲಿ 1958ರಿಂದ 1960ರವರೆಗೆ ನಡೆದ ದೊಡ್ಡ ರಸ್ತೆ ಪರೀಕ್ಷೆಯಿಂದ, ರಸ್ತೆಯ ಸವೆತವು ಚಕ್ರದ ಅಚ್ಚಿನ ಮೇಲಿನ ಭಾರದ ಸುಮಾರು ನಾಲ್ಕನೆಯ ಘಾತದಂತೆ ಏರುತ್ತದೆ ಎಂದು ತಿಳಿದುಬಂದಿತು. ಆ ಲೆಕ್ಕದಲ್ಲಿ ಸೈಕಲ್ಲಿನಿಂದಾಗುವ ಸವೆತ ಇಲ್ಲವೆನ್ನುವಷ್ಟು ಕಡಿಮೆ. ಉತ್ತರ ತಿಳಿದಿದ್ದರೂ ಇದನ್ನು ರಸ್ತೆಯ ನಡುವೆ ನಿಂತು ವಾದಿಸಬೇಡಿ, ಅಲ್ಲಿ ಯಾರೂ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರುವುದಿಲ್ಲ.

ಒಂದೇ ಜಾಗದಲ್ಲಿ, ಬೇರೆ ಬೇರೆ ಜನರೊಂದಿಗೆ, ಮತ್ತೆ ಮತ್ತೆ ಜಗಳವಾಗುತ್ತಿದ್ದರೆ ಆ ಜಾಗವನ್ನೇ ಶಂಕಿಸಿ. ಬೆಳಗಿನ ಹೊತ್ತು ಅಲ್ಲಿ ಹತ್ತು ನಿಮಿಷ ನಿಂತು ನೋಡಿ: ಸೈಕಲ್ ಪಥ ಹಠಾತ್ತನೆ ಮುಗಿಯುತ್ತದೆಯೇ, ನಡುವಿನ ದಿಬ್ಬದಿಂದಾಗಿ ಕಾರಿಗೂ ಸೈಕಲ್ಲಿಗೂ ಒಟ್ಟಿಗೆ ಹಿಡಿಸದಷ್ಟು ಲೇನ್ ಕಿರಿದಾಗಿದೆಯೇ, ಚರಂಡಿ ಜಾಲರಿಯ ಸೀಳುಗಳು ಸಂಚಾರದ ದಿಕ್ಕಿಗೆ ಉದ್ದವಾಗಿ ಇವೆಯೇ. ಅಗಲವನ್ನು ಅಳತೆಪಟ್ಟಿಯಿಂದ ಅಳೆದು, ಚಿತ್ರ ತೆಗೆದು, ಅಲ್ಲಿ ಕಾರು ಓಡಿಸುವ ಒಬ್ಬರಿಂದಲೂ ಸಹಿ ಪಡೆದು, ರಸ್ತೆಯನ್ನು ನೋಡಿಕೊಳ್ಳುವ ಕಚೇರಿಗೆ ಕೊಡಿ. ಜಾಲರಿಯನ್ನು ಕಿತ್ತು, ಸೀಳುಗಳು ಅಡ್ಡಲಾಗಿ ಬರುವಂತೆ ತಿರುಗಿಸಿ ಕೂರಿಸುವುದು ಕೆಲವೇ ಗಂಟೆಗಳ ಕೆಲಸ.