ಧ್ರುವಪ್ರಭೆ ನೋಡಬೇಕೇ? ಮೊದಲು ಮೋಡ ನೋಡಿ

ಧ್ರುವಪ್ರಭೆ, ಅಂದರೆ ರಾತ್ರಿಯ ಆಕಾಶದಲ್ಲಿ ಹರಿದಾಡುವ ಬಣ್ಣದ ಬೆಳಕು (ಅರೋರಾ) ನೋಡಲೆಂದು ಉತ್ತರ ನಾರ್ವೆಯ ಟ್ರೋಮ್ಸೊ ಊರಿಗೆ ಚಳಿಗಾಲದಲ್ಲಿ ಬರುವ ಪ್ರವಾಸಿಗರು ಸಂಜೆಯಾದರೆ ಮೊಬೈಲ್ ಹಿಡಿದು ಕೆಪಿ ಎಂಬ ಕಾಂತೀಯ ಚಟುವಟಿಕೆಯ ಅಂಕಿ ಹುಡುಕುತ್ತಾರೆ. ‘ಇವತ್ತು ಕೆಪಿ ಬರೀ ಎರಡು, ಹೋಗಿ ಪ್ರಯೋಜನವಿಲ್ಲ’ ಎಂದು ಕೋಣೆ ಸೇರುತ್ತಾರೆ. ಅದೇ ರಾತ್ರಿ ಊರಾಚೆಯ ಆಕಾಶವೆಲ್ಲ ಹಸಿರು. ಮರುದಿನ ಕೆಪಿ ಐದು ಎಂದು ಸಂಭ್ರಮದಿಂದ ಹೊರಟು, ದಟ್ಟ ಮೋಡದ ಕೆಳಗೆ ನಡುಗಿ ವಾಪಸಾಗುತ್ತಾರೆ. ಲಕ್ಷಗಟ್ಟಲೆ ಖರ್ಚು ಮಾಡಿ ಬಂದವರ ಈ ಪಾಡು ನೋಡಿ ನೋಡಿ ಸಾಕಾಗಿದೆ.

ಆಗುವುದೇನು?

ಸೂರ್ಯನಿಂದ ವಿದ್ಯುದಾವಿಷ್ಟ ಕಣಗಳು ಸೆಕೆಂಡಿಗೆ ಸುಮಾರು 400 ಕಿ.ಮೀ. ವೇಗದಲ್ಲಿ ಸದಾ ಹೊರಬೀಳುತ್ತಿರುತ್ತವೆ. ಇದೇ ಸೌರ ಮಾರುತ. ಈ ಕಣಗಳು ನೇರವಾಗಿ ಬಂದು ಧ್ರುವಗಳ ಮೇಲೆ ಸುರಿಯುತ್ತವೆ ಎಂದು ಅನೇಕರು ನಂಬಿದ್ದಾರೆ. ಹಾಗಲ್ಲ, ಭೂಮಿಯ ಕಾಂತಕ್ಷೇತ್ರ ಬಹುಪಾಲನ್ನು ಪಕ್ಕಕ್ಕೆ ಸರಿಸಿಬಿಡುತ್ತದೆ. ಆದರೆ ಸೌರ ಮಾರುತ ತನ್ನೊಡನೆ ತರುವ ಕಾಂತಕ್ಷೇತ್ರ ದಕ್ಷಿಣಕ್ಕೆ ತಿರುಗಿದ್ದರೆ ಅದು ಭೂಮಿಯ ಕ್ಷೇತ್ರದೊಡನೆ ಬೆಸೆದುಕೊಳ್ಳುತ್ತದೆ. ರಾತ್ರಿಯ ಬದಿಯಲ್ಲಿ ಉದ್ದಕ್ಕೆ ಚಾಚಿದ ಕಾಂತೀಯ ಬಾಲದಲ್ಲಿ ಶಕ್ತಿ ಶೇಖರವಾಗುತ್ತಾ ಹೋಗಿ, ಒಮ್ಮೆಗೇ ಬಿಡುಗಡೆಯಾಗುತ್ತದೆ. ಆಗ ವೇಗ ಪಡೆದ ಎಲೆಕ್ಟ್ರಾನುಗಳು ಕಾಂತರೇಖೆಗಳ ಗುಂಟ ಇಳಿದು ವಾತಾವರಣಕ್ಕೆ ಬಡಿಯುತ್ತವೆ.

100ರಿಂದ 150 ಕಿ.ಮೀ. ಎತ್ತರದಲ್ಲಿ ಆಮ್ಲಜನಕದ ಪರಮಾಣು ಹಸಿರು ಬೆಳಕು ಚೆಲ್ಲುತ್ತದೆ. ಕೆಂಪು ಬೆಳಕು ಹೊಮ್ಮಿಸಲು ಅದೇ ಪರಮಾಣುವಿಗೆ ಸುಮಾರು ಎರಡು ನಿಮಿಷ ಬೇಕು. ಕೆಳಗಿನ ದಟ್ಟ ಗಾಳಿಯಲ್ಲಿ ಅಷ್ಟರೊಳಗೆ ಇನ್ನೊಂದು ಕಣ ಬಂದು ಢಿಕ್ಕಿ ಹೊಡೆಯುತ್ತದೆ. ಹಾಗಾಗಿ ಕೆಂಪು 200 ಕಿ.ಮೀ.ಗಿಂತ ಮೇಲೆ ಮಾತ್ರ. ತೀರಾ ಕೆಳ ಅಂಚಿನ ಗುಲಾಬಿ, ನೇರಳೆ ಸಾರಜನಕದ್ದು. ನಿರ್ವಾತದ ಪೆಟ್ಟಿಗೆಯಲ್ಲಿ ಕಾಂತಗೋಳ ಇಟ್ಟು ಇಂಥ ಬೆಳಕನ್ನು ಸೃಷ್ಟಿಸಿ ತೋರಿಸಿದ ಕ್ರಿಸ್ಟಿಯಾನ್ ಬರ್ಕಲ್ಯಾಂಡ್ ಅವರ ಚಿತ್ರವನ್ನು ನಾರ್ವೆ ತನ್ನ 200 ಕ್ರೋನರ್ ನೋಟಿನ ಮೇಲೆ ಅಚ್ಚು ಹಾಕಿತ್ತು.

ಹಂತ 1: ಊರು, ತಿಂಗಳು

ಟ್ರೋಮ್ಸೊ, ಸ್ವೀಡನ್ನಿನ ಅಬಿಸ್ಕೊ, ಇಲ್ಲವೇ ಫಿನ್ಲೆಂಡಿನ ಲ್ಯಾಪ್‌ಲ್ಯಾಂಡ್. ಸೆಪ್ಟೆಂಬರ್‌ನಿಂದ ಮಾರ್ಚ್ ಕೊನೆಯವರೆಗೆ ಯಾವಾಗಲಾದರೂ ಸರಿ. ನನ್ನನ್ನು ಕೇಳಿದರೆ ಮಾರ್ಚ್: ಹಗಲು–ರಾತ್ರಿ ಸಮವಾಗುವ ವಿಷುವತ್ ದಿನಗಳ ಆಸುಪಾಸಿನಲ್ಲಿ ಕಾಂತೀಯ ಚಟುವಟಿಕೆ ಹೆಚ್ಚು, ಹಗಲೂ ಸಾಕಷ್ಟಿರುತ್ತದೆ. ಕನಿಷ್ಠ ನಾಲ್ಕು ರಾತ್ರಿ ಇಟ್ಟುಕೊಳ್ಳಿ. ಹುಣ್ಣಿಮೆಗೆ ಹೆದರಬೇಕಿಲ್ಲ.

ಲಡಾಖ್‌ಗೆ ಹೋದರೆ ಸಾಲದೇ ಎಂಬ ಪ್ರಶ್ನೆಯೂ ಬರುತ್ತದೆ. 2024ರ ಮೇ 10–11ರ ಭಾರೀ ಸೌರ ಬಿರುಗಾಳಿಯ ರಾತ್ರಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಹಾನ್ಲೆ ವೀಕ್ಷಣಾಲಯದ ಕ್ಯಾಮೆರಾಗಳಲ್ಲಿ ಕೆಂಪು ಹೊಳಪು ಸೆರೆಯಾದದ್ದು ನಿಜ. ಅದು ಅಪರೂಪದ ಘಟನೆ. ಅದನ್ನು ನಂಬಿ ಟಿಕೆಟ್ ಕಾಯ್ದಿರಿಸುವುದು ಬೇಡ.

ಹಂತ 2: ಮೋಡದ ಬಿರುಕು ಹುಡುಕುವುದು

ಎಲ್ಲರೂ ಎಡವುವುದು ಇಲ್ಲೇ. ಕೆಪಿ ಎಂದರೆ ಇಡೀ ಭೂಮಿಯ ಕಾಂತೀಯ ಕ್ಷೋಭೆಯ ಮೂರು ಗಂಟೆಗಳ ಸೂಚ್ಯಂಕ. ಧ್ರುವವನ್ನು ಸುತ್ತುವರಿದಿರುವ ಧ್ರುವಪ್ರಭೆಯ ಉಂಗುರ ದಕ್ಷಿಣಕ್ಕೆ ಎಷ್ಟು ಹಿಗ್ಗಿದೆ ಎಂಬುದನ್ನು ಅದು ಸ್ಥೂಲವಾಗಿ ಹೇಳುತ್ತದೆ, ಅಷ್ಟೇ. ಲಂಡನ್ನಿನವನಿಗೆ ಅದು ಬೇಕು. ಟ್ರೋಮ್ಸೊ ಆ ಉಂಗುರದ ಕೆಳಗೇ ಇದೆ. ಅಲ್ಲಿ ಕೆಪಿ ನೋಡಿ ಹೊರಡುವುದು, ಇಡೀ ರಾಜ್ಯದ ಸರಾಸರಿ ಮಳೆ ನೋಡಿ ಆಗುಂಬೆಗೆ ಕೊಡೆ ಬೇಕೇ ಎಂದು ತೀರ್ಮಾನಿಸಿದಂತೆ. ಕೆಪಿ ಎರಡು ಇದ್ದರೂ ನೆತ್ತಿಯ ಮೇಲೇ ಬೆಳಕು ಹರಿದಾಡಬಹುದು. ಅದನ್ನು ಮುಚ್ಚುವುದು ಮೋಡ ಒಂದೇ.

ನಾರ್ವೆಯ ಹವಾಮಾನ ಸಂಸ್ಥೆಯ ಉಚಿತ ಮುನ್ಸೂಚನೆಯನ್ನು ತೆರೆಯಿರಿ. ಹುಡುಕುವಾಗ ವೈ, ಆರ್ ಎಂಬ ಎರಡೇ ಅಕ್ಷರ ಸಾಕು. ಸೂರ್ಯ–ಮೋಡದ ಚಿತ್ರ ನೋಡಿ ಮುಚ್ಚಬೇಡಿ. ಗಂಟೆಗಂಟೆಯ ವಿವರದ ಪಟ್ಟಿಗೆ ಹೋದರೆ ಕೆಳಮೋಡ, ನಡುಮೋಡ, ಮೇಲ್ಮೋಡ ಬೇರೆ ಬೇರೆಯಾಗಿ ಸಿಗುತ್ತವೆ. ಮೇಲ್ಮೋಡ ತೆಳುವಾಗಿದ್ದರೆ ಚಿಂತೆಯಿಲ್ಲ, ಬೆಳಕು ಅದನ್ನು ತೂರಿ ಬರುತ್ತದೆ. ಕೆಳಮೋಡ ತುಂಬಿದ್ದರೆ ಆ ಜಾಗ ಕೈಬಿಡಿ. ಟ್ರೋಮ್ಸೊ ಒಂದನ್ನೇ ನೋಡಿ ನಿಲ್ಲಿಸದೆ ಸುತ್ತಲಿನ ಸ್ಕಿಬೋಟ್ನ್, ಕಿಲ್ಪಿಸ್‌ಯಾರ್ವಿ, ಸೊಮ್ಮಾರೊಯ್ ಊರುಗಳನ್ನೂ ಹಾಕಿ ನೋಡಿ.

ಗಾಳಿ ಸಮುದ್ರದ ಕಡೆಯಿಂದ, ಅಂದರೆ ಪಶ್ಚಿಮದಿಂದ ಬೀಸುತ್ತಿದ್ದರೆ ತೇವವೆಲ್ಲ ಲಿಂಗೆನ್ ಪರ್ವತಸಾಲಿಗೆ ಬಡಿದು ಅಲ್ಲೇ ಸುರಿದುಬಿಡುತ್ತದೆ. ಅದರ ಮರೆಯಲ್ಲಿರುವ ಸ್ಕಿಬೋಟ್ನ್‌ನಲ್ಲಿ ಆಕಾಶ ತೆರೆದಿರುವ ಸಂಭವ ಹೆಚ್ಚು. ಇ–8 ಹೆದ್ದಾರಿಯಲ್ಲಿ ಸುಮಾರು ಎರಡು ಗಂಟೆಯ ದಾರಿ. ಅಲ್ಲೂ ಮೋಡವಿದ್ದರೆ ಅದೇ ರಸ್ತೆಯಲ್ಲಿ ಗಡಿ ದಾಟಿ ಫಿನ್ಲೆಂಡಿನ ಕಿಲ್ಪಿಸ್‌ಯಾರ್ವಿ. ಗಾಳಿ ಪೂರ್ವದಿಂದ ಬೀಸುವ ದಿನ ಲೆಕ್ಕ ತಿರುಗುಮುರುಗು: ಕರಾವಳಿಯ ಸೊಮ್ಮಾರೊಯ್ ಕಡೆ ಆಕಾಶ ತೆರೆದಿರಬಹುದು.

ಹಿಮದ ರಸ್ತೆಯಲ್ಲಿ ಓಡಿಸಿ ಗೊತ್ತಿಲ್ಲದವರು ಕಾರು ಬಾಡಿಗೆಗೆ ತೆಗೆದುಕೊಳ್ಳಲೇಬೇಡಿ. ಸಣ್ಣ ವ್ಯಾನಿನಲ್ಲಿ ಮೋಡದ ಬಿರುಕು ಅರಸಿ ಅಲೆದಾಡಿಸುವವರನ್ನು ಹಿಡಿಯಿರಿ. ದೊಡ್ಡ ಬಸ್ಸಿನಲ್ಲಿ ಒಂದೇ ಗುಡಾರಕ್ಕೆ ಒಯ್ದು ಸೂಪು ಕುಡಿಸಿ ಕಳಿಸುವ ಪ್ರವಾಸ ಅಗ್ಗವಾದರೂ ಬೇಡ. ‘ಗ್ಯಾರಂಟಿ’ ಎಂದವರನ್ನು, ಇವತ್ತು ಎಲ್ಲಿಯವರೆಗೆ ಹೋಗಲು ಸಿದ್ಧ ಎಂದು ಕೇಳಿ, ಉತ್ತರದಲ್ಲೇ ಗೊತ್ತಾಗುತ್ತದೆ.

ಹಂತ 3: ಕಾಯುವುದು

ಭೂಮಿಯಿಂದ ಸೂರ್ಯನತ್ತ 15 ಲಕ್ಷ ಕಿ.ಮೀ. ದೂರದ ಎಲ್–1 ಬಿಂದುವಿನಲ್ಲಿ ನಮ್ಮ ಆದಿತ್ಯ–ಎಲ್1 ನೌಕೆಯೂ ಇದೆ, ಅಮೆರಿಕದ ನೌಕೆಗಳೂ ಇವೆ. ಅಮೆರಿಕದವರು ಅಲ್ಲಿನ ಅಳತೆಗಳನ್ನು ಆಗಾಗಲೇ ಜಾಲತಾಣದಲ್ಲಿ ಹಾಕುತ್ತಾರೆ. ಅದರಲ್ಲಿ ಬಿ–ಝಡ್ ಎಂಬ ಗೆರೆ ನೋಡಿ. ಸೌರ ಮಾರುತದ ಕಾಂತಕ್ಷೇತ್ರ ಉತ್ತರಕ್ಕೆ ತಿರುಗಿದೆಯೋ ದಕ್ಷಿಣಕ್ಕೋ ಎಂದು ಅದು ಹೇಳುತ್ತದೆ; ಮೈನಸ್ ಎಂದರೆ ದಕ್ಷಿಣ. ಸೊನ್ನೆಗಿಂತ ಕೆಳಗಿಳಿದು, ಮೈನಸ್ ಐದರ ಆಸುಪಾಸಿನಲ್ಲಿ ಅರ್ಧ ಗಂಟೆ ನಿಂತಿದ್ದರೆ ಕೋಟು ತೊಡಿ. ಆ ಮಾರುತ ಭೂಮಿ ಮುಟ್ಟಲು ಸಾಮಾನ್ಯವಾಗಿ ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಬೇಕು. ಹಣ ಕೊಟ್ಟು ಕೊಳ್ಳುವ ಎಚ್ಚರಿಕೆಯ ಆ್ಯಪ್‌ಗಳು ಇದಕ್ಕಿಂತ ಹೆಚ್ಚೇನೂ ಹೇಳುವುದಿಲ್ಲ.

ಮೊದಲು ಕಾಣುವುದು ಬಿಳಿಚಿದ ಒಂದು ಪಟ್ಟಿ. ಮೋಡವೋ ಬೆಳಕೋ ಗೊತ್ತಾಗದಿದ್ದರೆ ಮೊಬೈಲಿನಲ್ಲಿ ಮೂರು ಸೆಕೆಂಡಿನ ಚಿತ್ರ ತೆಗೆಯಿರಿ. ಹಸಿರು ಬಂದರೆ ಅದೇ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ತಿಳಿಯುವುದಿಲ್ಲ. ‘ಇಷ್ಟೇನಾ’ ಎಂದು ಬಹಳ ಮಂದಿ ವ್ಯಾನು ಹತ್ತುವುದು ಈ ಘಳಿಗೆಯಲ್ಲೇ. ಕಾಂತೀಯ ಬಾಲದಲ್ಲಿ ಶಕ್ತಿ ತುಂಬುತ್ತಿರುವ ಹೊತ್ತು ಅದು. ಬಿಡುಗಡೆಯಾದರೆ ಪಟ್ಟಿ ಮುರಿದು, ಸುರುಳಿಗಟ್ಟಿ, ಕೆಳ ಅಂಚು ಗುಲಾಬಿಯಾಗಿ ಆಕಾಶವೆಲ್ಲ ಓಡುತ್ತದೆ. ಆ ಅಬ್ಬರ ಕೆಲವೇ ನಿಮಿಷಗಳದ್ದು. ಆಮೇಲೆ ಮಂಕಾಗಿ, ಒಂದೆರಡು ಗಂಟೆಯಲ್ಲಿ ಮತ್ತೆ ಬರಲೂಬಹುದು. ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು ಇಪ್ಪತ್ತು–ಮೂವತ್ತು ನಿಮಿಷ ಬೇಕು, ಮೊಬೈಲಿನ ಟಾರ್ಚ್ ಅದನ್ನು ಕ್ಷಣದಲ್ಲಿ ಹಾಳುಮಾಡುತ್ತದೆ. ಕೆಂಪು ದೀಪ ಒಯ್ಯಿರಿ.

ಬಟ್ಟೆ: ಒಳಗೆ ಉಣ್ಣೆ, ಹತ್ತಿ ಕೂಡದು. ಬೂಟು ಒಂದು ಅಳತೆ ದೊಡ್ಡದಿರಲಿ. ಬಿಸಿ ಕೊಡುವ ಪೊಟ್ಟಣಗಳಲ್ಲಿರುವುದು ಕಬ್ಬಿಣದ ಪುಡಿ, ಗಾಳಿ ತಾಗಿದರೆ ಮಾತ್ರ ಬಿಸಿಯಾಗುತ್ತದೆ; ಬಿಗಿ ಬೂಟಿನೊಳಗೆ ತುರುಕಿದರೆ ದಂಡ.

ಹಂತ 4: ಚಿತ್ರ

ಟ್ರೈಪಾಡ್, ಅಗಲ ಕೋನದ ಲೆನ್ಸ್, ಎಫ್ 2.8, ಐಎಸ್‌ಒ 1600, ಐದರಿಂದ ಹತ್ತು ಸೆಕೆಂಡು. ಫೋಕಸ್ ಅನ್ನು ಒಂದು ನಕ್ಷತ್ರದ ಮೇಲೆ ಕೈಯಿಂದಲೇ ಕೂರಿಸಿ. ಲೆನ್ಸ್ ಮುಂದಿನ ಯುವಿ ಫಿಲ್ಟರ್ ಬಿಚ್ಚಿಡಿ: ಹಸಿರು ಬೆಳಕು ಒಂದೇ ತರಂಗಾಂತರದ್ದಾದ್ದರಿಂದ, ಚಪ್ಪಟೆ ಗಾಜಿನಲ್ಲಿ ಪ್ರತಿಫಲಿಸಿ ಚಿತ್ರದ ನಡುವೆ ಒಂದರೊಳಗೊಂದು ಉಂಗುರಗಳು ಮೂಡುತ್ತವೆ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಅವು ಕಣ್ಣಿಗೆ ಬೀಳುವುದಿಲ್ಲ, ಊರಿಗೆ ಬಂದು ಕಂಪ್ಯೂಟರಿನಲ್ಲಿ ತೆರೆದಾಗಲೇ ಗೊತ್ತಾಗುವುದು. ಹೆಚ್ಚುವರಿ ಬ್ಯಾಟರಿ ಒಳಜೇಬಿನಲ್ಲಿರಲಿ. ಹೋಟೆಲಿನ ಬೆಚ್ಚನೆಯ ಬಾಗಿಲು ದಾಟುವ ಮೊದಲೇ ಮೆಮೊರಿ ಕಾರ್ಡ್ ತೆಗೆದುಕೊಂಡು, ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿಬಿಡಿ; ಇಲ್ಲವಾದರೆ ಲೆನ್ಸಿನ ತುಂಬ ನೀರು ಕೂರುತ್ತದೆ. ಬೆಳಗಿನವರೆಗೆ ಚೀಲ ಬಿಚ್ಚಬೇಡಿ.